ಕಡವಿನ ಮನೆ

ಉದ್ಘಾಟನೆಗೆ ಬಂದವರು ಕತ್ತರಿ ಮರೆತಿದ್ದರು.
ಮೀನು ಸೀಳುವ ನನ್ನ ಚಾಕು ಕೊಟ್ಟೆ.
ಯಾವ ಕಡತದಲ್ಲಿದೆಯೋ ಆ ರಿಬ್ಬನ್ನು,
ಇವತ್ತಿಗೂ ನಾರುತ್ತಿರಬೇಕು.

ಮುಂಚೆ ಇಲ್ಲಿದ್ದದ್ದು ತಗಡಿನ ಗೂಡು.
ನಡುವೆ ಕಬ್ಬಿಣದ ಒಲೆ, ಮೇಲೆ ಯಾರದೋ ಕೆಟಲು.
ಕುರಿಮರಿ, ಆಲೂಗೆಡ್ಡೆ ಚೀಲ, ಬಸುರಿ, ಪಾದ್ರಿ,
ಎಲ್ಲರೂ ಮೊಣಕಾಲಿಗೆ ಮೊಣಕಾಲು ತಾಗಿಸಿ
ಕಾಸ್ತ್ರೋ ಕಡೆಯ ದೋಣಿ ಕಾಯುತ್ತಿದ್ದರು.
ಜಗಳವಾಡಿದವರು ಕೂಡ. ಬೇರೆ ಜಾಗವಿರಲಿಲ್ಲ.

ಸಾಂತಿಯಾಗೋದಿಂದ ಬಂದಳು ಹಿಮೇನಾ ಅಲ್ದುನಾತೆ,
ಸುರುಳಿ ಕಾಗದ, ಹಳದಿ ರಬ್ಬರ್ ಬೂಟು.
ಮೂರು ದಿನ ಅಳೆದಳು: ಉಬ್ಬರ, ಇಳಿತ, ನೆರಳು,
ನನ್ನ ಟಿಕೆಟ್ ಕಿಂಡಿಗೆ ಎಷ್ಟೆತ್ತರದ ಕೈ ಬರುತ್ತದೆ
ಎಂಬುದನ್ನೂ.
ಗಾಳಿಯನ್ನು ಮಾತ್ರ ಅಳೆಯಲಿಲ್ಲ. ಆ ಮೂರು ದಿನ
ಗಾಳಿ ಪರಊರಿಗೆ ಹೋಗಿತ್ತು.

ಈಗ ನೋಡಿ,
ಕವುಚಿಟ್ಟ ದೋಣಿಯಂಥ ಮಾಡು. ಹಾಗೆಂದವರು ಪತ್ರಿಕೆಯವರು.
ನಮ್ಮಲ್ಲಿ ದೋಣಿ ಕವುಚುವುದು ತಳ ಒಡೆದಾಗ.
ಗೋಡೆಗೆ ಮರದ ಚಕ್ಕೆ, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು.
ನನ್ನಜ್ಜ ಸೀಳುತ್ತಿದ್ದಂಥವೇ, ಆದರೆ ಯಂತ್ರ ಸೀಳಿದ್ದು,
ಒಂದರಲ್ಲೂ ಕೈ ತಪ್ಪಿಲ್ಲ.
ಉತ್ತರಕ್ಕೆ ನೆಲದಿಂದ ಮಾಡಿನವರೆಗೆ ಗಾಜು.
ಉತ್ತರ ಅಂದರೆ ಬಿಸಿಲು, ಅಂದಳು.
ಉತ್ತರ ಅಂದರೆ ಮಳೆ, ಅಂದೆ.
ಇಬ್ಬರೂ ಸರಿ. ಆ ವರ್ಷ ಬಿಸಿಲು ಬಂದದ್ದು ಹನ್ನೊಂದು ದಿನ.

ಮೂರು ಹಕ್ಕಿ ಗಾಜಿಗೆ ಬಡಿದು ಸತ್ತ ಮೇಲೆ
ಶಾಲೆಯ ಮಕ್ಕಳು ಹಳೆ ಬಲೆಯ ಚೂರು ತೂಗಿಬಿಟ್ಟರು.

ಬೆಂಚು ಒಂದೇ. ಹದಿನಾಲ್ಕು ಮೀಟರು, ಅಖಂಡ ಮರ,
ಸಮುದ್ರದ ಕಡೆ ಮುಖ.
ಸಮುದ್ರವನ್ನು ಯಾರು ನೋಡುತ್ತಾರೆ? ಅದೆಲ್ಲಿಗೆ ಹೋಗುತ್ತದೆ?
ನಾವು ನೋಡುವುದು ಗುಡ್ಡದ ದಾರಿ,
ಓಡಿ ಬರುತ್ತಿರುವವರು ಯಾರು, ಅವರಿಗಾಗಿ
ದೋಣಿ ನಿಲ್ಲಿಸಬೇಕೋ ಬೇಡವೋ ಅಂತ.
ಒರಗು ಇರಲಿಲ್ಲ, ಪುಣ್ಯ. ತಿರುಗಿ ಕೂತೆವು,
ಒಬ್ಬರಿಂದೊಬ್ಬರು ಎರಡು ಮೊಳ ದೂರ.
ಪಿಸುಮಾತೂ ಮಾಡಿಗೆ ಹೋಗಿ ದೊಡ್ಡದಾಗಿ ಮರಳುತ್ತಿತ್ತು,
ಹಾಗಾಗಿ ಚಾಡಿ ನಿಂತೇಹೋಯಿತು.
ಒಲೆಯಿಲ್ಲ. ಗೋಡೆಯ ಮೇಲೆ ಕೆಂಪು ವೃತ್ತ,
ಒಳಗೊಂದು ಜ್ವಾಲೆ, ಜ್ವಾಲೆಗೆ ಅಡ್ಡಗೆರೆ.

ಆಗಸ್ಟಿನಲ್ಲಿ ದೆಲ್ಮಿರೋ ಕೋಲಿವೋರೋ ಬಂದ,
ಕೊನೆಯ ದೋಣಿಯಲ್ಲಿ, ಪೆಟ್ಟಿಗೆಯೊಳಗೆ.
ಟಿಕೆಟ್ಟು ಏನಂತ ಹರಿಯಲಿ? ಸರಕೇ? ಪ್ರಯಾಣಿಕನೇ?
ದ್ವೀಪವಾಸಿ, ಅರ್ಧ ದರ, ಎಂದು ಬರೆದೆ.
ಗುಡ್ಡದ ದಾರಿ ಕುಸಿದಿತ್ತು, ಎತ್ತಿನ ಗಾಡಿ ಇಳಿಯಲಿಲ್ಲ.
ಬೆಂಚಿನ ಮೇಲಿಟ್ಟೆವು. ಸರಿಯಾಗಿ ಕೂತಿತು,
ಅಗಲ, ಎತ್ತರ,
ಹೊರುವವರ ಬೆರಳು ತೂರುವಷ್ಟು ಜಾಗವೂ.
ಇದನ್ನೂ ಅಳೆದಿದ್ದಳೇ ಅವಳು?

ಕೋಳಿಗೂಡಿಗೆ ಸೇರಿದ್ದ ಹಳೆಯ ಒಲೆಯನ್ನು ನಾಲ್ವರು ಹೊತ್ತು ತಂದರು.
ಕೆಂಪು ವೃತ್ತದ ಮೇಲೆ ಯಾರೋ ಟೋಪಿ ನೇತುಹಾಕಿದರು.
ಹೊಗೆ ಮೇಲೇರಿತು, ತಡಕಾಡಿತು,
ಮಾಡಿನ ಬೆನ್ನೆಲುಬಿನಲ್ಲಿ ಒಂದು ಸೀಳು,
ನಮಗೆ ಗೊತ್ತೇ ಇರಲಿಲ್ಲ, ಅಲ್ಲಿಂದ ಹೊರಟಿತು.
ಎದುವಿನಾ ಜಪ ಶುರುಮಾಡಿದಳು. ಎರಡನೆಯ ಸಾಲನ್ನು
ಮಾಡೇ ಹೇಳಿತು. ನಲವತ್ತು ಜನ
ನಾನೂರಾಗಿ ಕೇಳಿಸಿದೆವು.
ರಾತ್ರಿಯಿಡೀ ಆಲೂಗೆಡ್ಡೆ ಸುಟ್ಟೆವು.
ಬೆಳಗಿನ ಜಾವ ಚಾಡಿ ವಾಪಸು ಬಂತು,
ಮೊದಲು ದೆಲ್ಮಿರೋನ ಸಾಲದ ಬಗ್ಗೆಯೇ.

ಬೇಸಿಗೆಗೆ ಹಿಮೇನಾ ಬಂದಳು, ಜೊತೆಗೊಬ್ಬ ಫೋಟೋದವನು.
ತಿಳಿ ಹಲಗೆಯ ಮೇಲೆ ಮೊರದಗಲ ಮಸಿ.
ತೊಳೆಯಲಾಗದೇ ಎಂದ ಅವನು.
ಅವಳು ಕತ್ತು ನೋಯುವಷ್ಟು ಹೊತ್ತು ನೋಡಿದಳು.
ನಾನು ಕ್ಷಮೆಯ ಮಾತು ಜೋಡಿಸುತ್ತಿದ್ದೆ.
ಹೊಗೆ ಹೋಯಿತಾ? ಎಂದಳು. ಪೂರ್ತಿ?
ಸ್ವಲ್ಪ ಕಣ್ಣುರಿಯಿತು, ಅಂದೆ,
ಅದು ದೆಲ್ಮಿರೋನಿಂದಲೂ ಇರಬಹುದು.

ಬೂಟು ಕಳಚಿ ಬೆಂಚಿನ ಮೇಲೆ ಕೂತಳು,
ಸಮುದ್ರಕ್ಕೆ ಬೆನ್ನು ಹಾಕಿ.
ಗುಡ್ಡದ ಮೇಲಿಂದ ಯಾರೋ ಓಡಿ ಬರುತ್ತಿದ್ದರು,
ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಹೆಂಟೆ.
ನಿಲ್ಲಿಸಿ, ಅಂದಳು ಹಿಮೇನಾ,
ನನಗಿಂತ ಮೊದಲು.